ಬಾಲದ ಕೀಲು

ಹೊಲಿಗೆ ವಿಭಾಗದ ಹೆಂಗಸರ ಮೂರು ತಿಂಗಳ ಸಂಬಳ ಇವತ್ತಿಗೂ ಬಾಕಿ ಇದೆ. ಕೊಡಬೇಕಾದವರು ಬದುಕಿದ್ದಾರೆ, ಚೆನ್ನಾಗಿಯೇ ಬದುಕಿದ್ದಾರೆ. ಮೊನ್ನೆಯಷ್ಟೇ ಕಾರ್ಖಾನೆಯ ಗೇಟಿಗೆ ಹೊಸ ಬಣ್ಣ ಹೊಡೆಸಿದರು. ಆದ್ದರಿಂದ ಕೈ ಬಿಗಿಯಾಗಿದೆ ಎನ್ನುವ ಮಾತು ಬೇಡ. ಆ ಸಂಬಳ ಯಾಕೆ ನಿಂತಿತು, ಅದನ್ನು ಬಿಡಿಸಿಕೊಂಡು ಬರಲು ಹೊಳೆಗಿಳಿದ ಒಬ್ಬ ಹೆಂಗಸು ಏನನ್ನು ಕಂಡುಕೊಂಡು ಬಂದಳು ಎನ್ನುವುದನ್ನಷ್ಟೇ ಇಲ್ಲಿ ಹೇಳಬೇಕಾಗಿದೆ.

ಅವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ಕೀಲಕ್ಕ ಎನ್ನುತ್ತಾರೆ. ಲಂಗ ತೊಡುವ ವಯಸ್ಸಿನಲ್ಲಿ ನೆಲದ ಮೇಲಿನ ದಾರದ ಚೂರು ಗುಡಿಸಲು ಸೇರಿದವಳು, ಈಗ ಓದುವ ಕನ್ನಡಕ ಮೂಗಿನ ತುದಿಗೆ ಬಂದಿದೆ. ಅಲ್ಲಿ ತಯಾರಾಗುವುದು ಮಡಚುವ ದೋಣಿ. ಎರಡು ಚೀಲಗಳಲ್ಲಿ ತುಂಬಿ ಬೆನ್ನಿಗೇರಿಸಿಕೊಂಡು ಹೋಗಬಹುದು. ದಾರಿಯೇ ಇಲ್ಲದ ಕಾಡಿನ ಹೊಳೆಯ ದಡದಲ್ಲಿ ಕೂತು ಜೋಡಿಸಿದರೆ ಇಬ್ಬರು ಸಾಮಾನು ಸಮೇತ ಕೂರುವಂಥ ದೋಣಿಯಾಗುತ್ತದೆ. ಒಳಗೆ ಅಲ್ಯುಮಿನಿಯಂ ಪೈಪುಗಳ ಹಂದರ, ಅಡ್ಡಕ್ಕೆ ಪಕ್ಕೆಲುಬಿನಂತೆ ಬಾಗಿದ ಪಟ್ಟಿಗಳು, ಹೊರಗೆ ರಬ್ಬರು ಬಳಿದ ದಪ್ಪ ಬಟ್ಟೆಯ ಹೊದಿಕೆ. ಹಂದರವನ್ನು ಹೊದಿಕೆಯೊಳಗೆ ತೂರಿಸಿ, ಪೈಪಿಗೂ ಪೈಪಿಗೂ ನಡುವೆ ಇರುವ ಗೇಣುದ್ದದ ಹಿಡಿಗಳನ್ನು ಒಂದೊಂದಾಗಿ ಒತ್ತಿ ಕೂರಿಸಬೇಕು. ಒತ್ತಿದಂತೆಲ್ಲ ಹಂದರ ಒಳಗಿನಿಂದ ಹಿಗ್ಗುತ್ತದೆ, ಹೊದಿಕೆ ಬಿಗಿಯುತ್ತದೆ. ಈ ಹಿಡಿಗಳಿಗೆ ಕೆಲಸದವರ ಬಾಯಲ್ಲಿ ಕೀಲು ಎಂದು ಹೆಸರು. ದೋಣಿಯ ಮುಂಭಾಗಕ್ಕೆ ಮೂತಿ, ಹಿಂಭಾಗಕ್ಕೆ ಬಾಲ. ಎಲ್ಲಕ್ಕಿಂತ ಕೊನೆಗೆ ಕೂರಬೇಕಾದ್ದು ಬಾಲದ ಕೀಲು. ಅದು ಕೂತರೆ ದೋಣಿ, ಕೂರದಿದ್ದರೆ ಗೋಣಿ ಎಂದು ಅಲ್ಲಿಯವರು ನಗಾಡುತ್ತಿದ್ದರು.

ಹೊರಗೆ ಹೋಗುವ ಮುಂಚೆ ಪ್ರತಿ ದೋಣಿಯನ್ನೂ ನೆಲದ ಮೇಲೆ ಒಮ್ಮೆ ಜೋಡಿಸಿ, ನೋಡಿ, ಮತ್ತೆ ಬಿಚ್ಚಿ ಚೀಲಕ್ಕೆ ತುಂಬುವುದು ಪದ್ಧತಿ. ಜೋಡಿಸುವುದು ಕೀಲಕ್ಕನ ವಿಭಾಗದ ಕೆಲಸ. ಆದರೆ ಬಾಲದ ಕೀಲಿಗೆ ಅವರು ಕೈ ಹಚ್ಚುವಂತಿರಲಿಲ್ಲ. ಅದು ಪರೀಕ್ಷಕನದು. ಅವನು ಬಂದು, ಹೊದಿಕೆಯ ಮೇಲೆ ಅಂಗೈ ಆಡಿಸಿ, ಹೊಲಿಗೆಯನ್ನು ಮೂತಿಯಿಂದ ಬಾಲದವರೆಗೆ ನೋಡಿ, ಮಂಡಿಯೂರಿ, ಸಣ್ಣ ಮರದ ಕೊಡತಿಯಿಂದ ಆ ಕೊನೆಯ ಕೀಲನ್ನು ಬಡಿದು ಕೂರಿಸುತ್ತಿದ್ದ. ಟಕ್ ಎಂದು ಸದ್ದಾದರೆ ದೋಣಿ ಪಾಸು. ಸದ್ದಿನಿಂದಲೇ ಅವನಿಗೆ ಟಕ್ಕಪ್ಪ ಎಂಬ ಹೆಸರು ಬಂದಿತ್ತು. ಜೋಡಿಸುವ ಕೆಲಸಕ್ಕೆ ಬಂದ ಹೊಸದರಲ್ಲಿ ಕೀಲಕ್ಕ ಹುಮ್ಮಸ್ಸಿನಿಂದ ಬಾಲದ ಕೀಲನ್ನೂ ತಾನೇ ಒತ್ತಿಬಿಟ್ಟಿದ್ದಳು. ಟಕ್ಕಪ್ಪ ಎಲ್ಲರೆದುರು ಇಡೀ ದೋಣಿಯನ್ನು ಬಿಚ್ಚಿಸಿ ಮತ್ತೆ ಜೋಡಿಸಿದ್ದ. ನೀನು ಮಾಡಿದ್ದಕ್ಕೆ ನೀನೇ ಭೇಷ್ ಅಂದುಕೊಳ್ಳುವುದು ಯಾವ ಊರಿನ ನ್ಯಾಯ ಎಂದು ಕೇಳಿದ್ದ. ಆವತ್ತಿನಿಂದ ಅವಳ ಕೈ ಬಾಲದ ಹತ್ತಿರ ಬಂದರೆ ತಾನಾಗಿ ನಿಲ್ಲುತ್ತಿತ್ತು. ಮನೆಯಲ್ಲೂ ಅದೇ ಚಾಳಿ. ರಾತ್ರಿ ಬಾಗಿಲು ಮುಂದೆ ಮಾಡುವಳು, ಚಿಲಕ ಹಾಕಳು. ಅತ್ತೆ ಗೊಣಗುತ್ತಾ ಎದ್ದು ಬಂದು ಹಾಕಬೇಕು.

ಹೊಸ ಮ್ಯಾನೇಜರು ಬಂದ ಮೇಲೆ ಪರೀಕ್ಷಕನ ಹುದ್ದೆ ಹೋಯಿತು. ದಿನವಿಡೀ ನಿಂತು ಟಕ್ ಅನ್ನಿಸುವುದಕ್ಕೆ ಒಬ್ಬನಿಗೆ ಯಾಕೆ ಸಂಬಳ ಎಂದು ಅವನ ಲೆಕ್ಕ. ಕಣ್ಣಲ್ಲಿ ನೋಡಿ ಬಿಚ್ಚಿ ತುಂಬಿ ಎಂದ. ಟಕ್ಕಪ್ಪನನ್ನು ಉಗ್ರಾಣಕ್ಕೆ ಕಳಿಸಿದರು. ಅಲ್ಲಿ ಅವನಿಗೆ ಒಂದು ಕುರ್ಚಿ, ಒಂದು ಫ್ಯಾನು. ಅವನು ತುಟಿ ಪಿಟಕ್ಕೆನ್ನದೆ ಹೋಗಿ ಕೂತ. ಅದರ ಮರುವರ್ಷ ಮುಷ್ಕರವಾದಾಗ ಎಲ್ಲರೂ ಗೇಟಿನ ಹೊರಗಿದ್ದರೆ ಅವನೊಬ್ಬ ಊಟದ ಡಬ್ಬಿ ಹಿಡಿದುಕೊಂಡು, ತಲೆ ತಗ್ಗಿಸಿಕೊಂಡು ಒಳಗೆ ಹೋದ. ಆವತ್ತಿನಿಂದ ಟಕ್ಕಪ್ಪ ಹೆಂಗಸರ ಬಾಯಲ್ಲಿ ಠಕ್ಕಪ್ಪನಾದ. ಕೀಲಕ್ಕ ಅವನ ಜೊತೆ ಮಾತು ಬಿಟ್ಟಳು.

ಆಮೇಲೆ ಒಂದು ದೋಣಿ ಹೋದ ಹಾಗೆ ಹಿಂದಿರುಗಿ ಬರಲಿಲ್ಲ. ಕೊಂಡ ಗಿರಾಕಿ ದೂರದ ಹೊಳೆಯ ನಡುವೆ ಬಂಡೆಗೆ ಬಡಿದು, ದೋಣಿ ನಡುವಿಗೇ ಮಡಚಿಕೊಂಡು, ಭುಜದ ಮೂಳೆ ಮುರಿದುಕೊಂಡು ಕಾಡಿನಿಂದ ನಡೆದೇ ಹೊರಬಿದ್ದಿದ್ದ. ವಾಪಸು ಬಂದ ಹೊದಿಕೆ ತಳದ ಹೊಲಿಗೆಗೆ ಸರಿಯಾಗಿ ಹರಿದಿತ್ತು. ಹೊಲಿಗೆಯವರು ಒಬ್ಬೊಬ್ಬರೂ ಕೊನೆಯ ಗಂಟನ್ನು ತಮ್ಮದೊಂದು ಬಣ್ಣದ ದಾರದಲ್ಲಿ ಹಾಕುತ್ತಾರೆ. ಇದರ ಗಂಟು ಹಳದಿ. ಹಳದಿ ಕೀಲಕ್ಕನ ತಂಗಿಯದು.

ಮ್ಯಾನೇಜರು ಆ ಗಂಟನ್ನು ಎಲ್ಲರ ಮುಖದ ಮುಂದೆ ಹಿಡಿದ. ಗಿರಾಕಿಗೆ ಪರಿಹಾರ ಕೊಡಬೇಕು, ಅದು ಹೊಲಿದವರ ಸಂಬಳದಿಂದಲೇ ಹೋಗಲಿ ಎಂದು ಇಡೀ ವಿಭಾಗದ ಪಗಾರ ನಿಲ್ಲಿಸಿದ. ತಂಗಿಯನ್ನು ಮನೆಗೆ ಕಳಿಸಿದ. ಕಾರ್ಮಿಕ ಸಂಘದವರು ಹೊಲಿಗೆ ಗಟ್ಟಿಯಿದೆ ಎಂದು ಪಟ್ಟು ಹಿಡಿದರು. ಕೊನೆಗೆ ಒಂದು ಒಪ್ಪಂದವಾಯಿತು. ಅದೇ ಸಾಲಿನಲ್ಲಿ ತಯಾರಾದ, ತಂಗಿಯೇ ಹೊಲಿದ ಇನ್ನೊಂದು ಹೊಸ ದೋಣಿ ಅದೇ ಹೊಳೆಗೆ ಇಳಿಯಬೇಕು. ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು. ಕೆಳಗಿನ ಸೇತುವೆ ಮುಟ್ಟುವವರೆಗೆ ಹೊಲಿಗೆ ನಿಂತರೆ ಸಂಬಳವೂ ಸಿಗಬೇಕು, ತಂಗಿಯ ಕೆಲಸವೂ ಸಿಗಬೇಕು. ಹೊಲಿಗೆ ಹರಿದರೆ ಯಾರೂ ಬಾಯಿ ತೆರೆಯಬಾರದು. ಸಂಘ ಕೀಲಕ್ಕನನ್ನು ಆರಿಸಿತು. ಕಾರ್ಖಾನೆ ಟಕ್ಕಪ್ಪನನ್ನು ಆರಿಸಿತು.

ಹೊರಡುವ ಹಿಂದಿನ ದಿನ ತಂಗಿ ಬಂದು ಸೂಜಿ, ದಬ್ಬಣ, ಮೇಣ, ತನ್ನ ಹಳದಿ ದಾರದ ಉಂಡೆ ಎಲ್ಲವನ್ನೂ ಅಕ್ಕನ ಚೀಲಕ್ಕೆ ತುಂಬಿದಳು. ಅತ್ತೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು.

“ಮಡಚೋ ದೋಣೀಲಿ ಕೂತೋಳು ಮಡಚ್ಕೊಂಡೇ ಬರ್ತಾಳೆ, ನೋಡ್ತಿರು,” ಎಂದಳು ಅತ್ತೆ.

“ಮಡಚಿದ್ರೆ ಒಳ್ಳೇದೇ ಅಲ್ವಾ ಅತ್ತೆ, ಮನೇಲಿ ಜಾಗ ಕಮ್ಮಿ ಸಾಕು,” ಎಂದಳು ಕೀಲಕ್ಕ.

ತಂಗಿಗೆ ನಗು ಬರಲಿಲ್ಲ. ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: “ಅಕ್ಕಾ, ಅವನು ಸಿಹಿಯಾಗೇ ಮಾತಾಡ್ತಾನೆ. ನೀನು ಬಾಯಿ ನೋಡ್ಬೇಡ, ಕೈ ನೋಡು.”

ಕೀಲಕ್ಕ ಕೈಯನ್ನೇ ನೋಡಿದಳು. ರಸ್ತೆ ಮುಗಿದಲ್ಲಿ ಜೀಪು ಅವರನ್ನಿಳಿಸಿ ಹೊರಟುಹೋಯಿತು. ಅಲ್ಲಿಂದ ಹೊಳೆಗೆ ಕಲ್ಲಿನ ಇಳಿಜಾರು. ಟಕ್ಕಪ್ಪ ಎರಡು ಚೀಲದಲ್ಲಿ ಹೊದಿಕೆಯಿದ್ದ ಚೀಲವನ್ನೇ ಬೆನ್ನಿಗೆ ಹಾಕಿಕೊಂಡ. ಅದು ಭಾರ, ನನಗಿರಲಿ ಎಂದ. ಭಾರದ್ದನ್ನು ಕೇಳಿ ತೆಗೆದುಕೊಳ್ಳುವ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಹೊದಿಕೆಯಲ್ಲಿ ಹೊಲಿಗೆಯಿದೆ, ಹೊಲಿಗೆಯನ್ನು ಕೈಯಿಂದ ಬಿಡಲು ಅವನಿಗೆ ಮನಸ್ಸಿಲ್ಲ ಎಂದುಕೊಂಡಳು. ದಾರಿಯುದ್ದಕ್ಕೂ ಅವನ ಹಿಂದೆಯೇ ನಡೆದಳು.

ಹೊಳೆ ಅಗಲವಾಗಿ, ತಣ್ಣಗೆ, ಯಾರ ಹಂಗೂ ಇಲ್ಲದೆ ಹರಿಯುತ್ತಿತ್ತು. ಒಂದು ಮನೆಯಿಲ್ಲ, ತಂತಿಯಿಲ್ಲ, ಹೊಗೆಯಿಲ್ಲ. ಆಚೆ ದಡದ ಮರಳಿನಲ್ಲಿ ಯಾವುದೋ ಪ್ರಾಣಿ ನೀರು ಕುಡಿದು ಹೋದ ಗೊರಸಿನ ಗುರುತು. ಕೀಲಕ್ಕ ಬಾಳೆಲ್ಲ ದೋಣಿ ಜೋಡಿಸಿದವಳು, ದೋಣಿಯಲ್ಲಿ ಕೂತವಳಲ್ಲ. ನೀರಿನ ಮೇಲೆ ಅದು ಹೇಗಿರುತ್ತದೆಂದು ನೋಡುವ ಆಸೆ ಇತ್ತು. ಆದರೆ ಆಸೆಗೆ ಪುರುಸೊತ್ತೆಲ್ಲಿ? ಮುಂದೆ ಕೂತರೆ ಹಿಂದೆ ಕೂತವನ ಕೈ ಕಾಣುವುದಿಲ್ಲ, ಹಿಂದೆ ಕೂತು ದಾರಿ ಹಿಡಿಸುವುದು ಅವಳಿಗೆ ಬರುವುದಿಲ್ಲ. ಅವಳು ಮೂತಿಯ ಕಡೆ ಕೂತು ಹುಟ್ಟು ಹಾಕುತ್ತಾ, ಕತ್ತು ಹೊರಳಿಸಿ ಹೊರಳಿಸಿ ಹಿಂದೆ ನೋಡುತ್ತಿದ್ದಳು. ಸಂಜೆಗೆ ಕತ್ತು ಹಿಡಿದುಕೊಂಡಿತು. ನೋವಿಗೆ ಎಣ್ಣೆ ಇದೆ, ಬೇಕೇ ಎಂದು ಅವನು ಕೇಳಿದ. ಬೇಡ ಎಂದಳು. ಅವನ ಎಣ್ಣೆಯನ್ನು ಅವಳು ಹಚ್ಚಿಕೊಳ್ಳುವುದುಂಟೇ?

ಅವನು ಕಾಯಿಸಿದ ಚಹಾವನ್ನು ಅವನು ಕುಡಿದ ಮೇಲೆಯೇ ಕುಡಿದಳು. ಅವಳ ಕಾಲುಚೀಲ ಒದ್ದೆಯಾದಾಗ ಅವನು ತನ್ನ ಒಣ ಜೋಡಿಯನ್ನು ಕೊಟ್ಟ. ಅದನ್ನು ಬೆಂಕಿಯ ಹತ್ತಿರ ತಿರುಗಿಸಿ ಮುರುಗಿಸಿ ನೋಡಿ, ಕಾಲಿಗೆ ಹಾಕದೆ, ತಲೆದಿಂಬಿನ ಕೆಳಗಿಟ್ಟಳು. ಅವನು ಗೊರಕೆ ಹೊಡೆದರೆ ನಟನೆ ಎನ್ನಿಸುತ್ತಿತ್ತು, ಹೊಡೆಯದಿದ್ದರೆ ಎಚ್ಚರವಾಗಿದ್ದಾನೆ ಎನ್ನಿಸುತ್ತಿತ್ತು.

ಸಂಜೆ ದೋಣಿಯನ್ನು ದಡಕ್ಕೆಳೆದ ಮೇಲೆ ಕೀಲುಗಳನ್ನು ಸಡಿಲಿಸಿಡಬೇಕು. ಇಲ್ಲವಾದರೆ ಚಳಿಗೆ ಹೊದಿಕೆ ಬಿಗಿದು ಹೊಲಿಗೆಯನ್ನು ಎಳೆಯುತ್ತದೆ. ಬೆಳಿಗ್ಗೆ ಎದ್ದು ಅವಳು ಮತ್ತೆ ಮೂತಿಯಿಂದ ಶುರು ಮಾಡಿ ಒಂದೊಂದೇ ಒತ್ತಿಕೊಂಡು ಬರುತ್ತಿದ್ದಳು. ಮುಗಿಸಿ ಮುಖ ತೊಳೆಯಲು, ನೀರು ತರಲು ಹೊಳೆಯಂಚಿಗೆ ಹೋದಾಗ ಹಿಂದಿನಿಂದ ಒಂದು ಮೊಂಡು ಸದ್ದು ಕೇಳುತ್ತಿತ್ತು. ಹೊಳೆಯ ಭೋರ್ಗರೆತದಲ್ಲಿ ಸರಿಯಾಗಿ ಕೇಳಿಸದು, ಆದರೆ ಕೇಳಿಸದೆಯೂ ಇರದು. ತಿರುಗಿ ಓಡಿಬಂದರೆ ಟಕ್ಕಪ್ಪ ದೋಣಿಯ ಹಿಂಬದಿಯಿಂದ ಎದ್ದು ಮಂಡಿಯ ಮರಳು ಕೊಡವಿಕೊಳ್ಳುತ್ತಿರುವನು. ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನವೂ. ಅವನು ಅತ್ತ ಹೋಗುತ್ತಲೇ ಅವಳು ದೋಣಿಯನ್ನು ಮಗ್ಗುಲಿಗೆ ಹೊರಳಿಸಿ, ಬೆರಳ ತುದಿಯಲ್ಲಿ ಹೊಲಿಗೆ ಮುಟ್ಟಿ ಮುಟ್ಟಿ ನೋಡುವಳು. ಮೇಣ ಹಾಗೆಯೇ ಇದೆ. ಒಂದು ಎಳೆ ಎದ್ದಿಲ್ಲ. ಏನೂ ಸಿಗದೆ ಹೋದದ್ದೇ ಅವಳಿಗೆ ದೊಡ್ಡ ಸಾಕ್ಷಿಯಾಯಿತು. ಕೈಚಳಕದವನು, ಗುರುತು ಉಳಿಯದಂತೆ ಮಾಡುತ್ತಿದ್ದಾನೆ.

ಒಂದು ಮಧ್ಯಾಹ್ನ ಅವನು ಬಂಡೆಯ ಮರೆಯಲ್ಲಿ ಸ್ನಾನಕ್ಕಿಳಿದಾಗ ಅವಳು ಅವನ ಕೈಚೀಲ ಬಿಚ್ಚಿದಳು. ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ಮರದ ಕೊಡತಿ ಸಿಕ್ಕಿತು. ಹಿಡಿಕೆ ಅಂಗೈ ತಾಕಿ ತಾಕಿ ಕಪ್ಪಗಾಗಿತ್ತು. ಕಾರ್ಖಾನೆಯ ನೆಲದಲ್ಲಿ ಸಾವಿರ ಸಲ ಕಂಡ ಕೊಡತಿ. ಆದರೆ ಆ ಹೊತ್ತಿನಲ್ಲಿ ಅವಳ ಕಣ್ಣಿಗೆ ಕಂಡದ್ದೇ ಬೇರೆ. ದಿನಾ ಬೆಳಿಗ್ಗೆ ಹೊಲಿಗೆಯ ಮೇಲೆ ಒಂದೊಂದು ಪೆಟ್ಟು. ದಾರ ಒಳಗಿನಿಂದ ಜಜ್ಜಿಹೋಗಬೇಕು, ಹೊರಗೆ ಏನೂ ಕಾಣಬಾರದು. ಜೋರು ನೀರು ಬಂದಾಗ ತಾನಾಗಿ ಹರಿದಂತೆ ಹರಿಯಬೇಕು. ಅಬ್ಬಾ, ಎಂಥ ಲೆಕ್ಕಾಚಾರ ಎಂದು ಹಲ್ಲು ಕಚ್ಚಿದಳು. ಕೊಡತಿಯನ್ನು ಎತ್ತಿ ಹೊಳೆಗೆ ಎಸೆದಳು. ಮರದ್ದು, ಮುಳುಗಲಿಲ್ಲ. ತಿರುಗುತ್ತಾ, ತಲೆ ಎತ್ತಿ ಅವಳನ್ನೇ ನೋಡುತ್ತಾ, ತಿರುವಿನಲ್ಲಿ ಮರೆಯಾಯಿತು.

ಸಂಜೆ ಅವನು ಚೀಲ ಜಾಲಾಡಿದ. “ನನ್ನ ಕೊಡತಿ ಎಲ್ಲಾದ್ರೂ ಕಂಡ್ರಾ ಅಮ್ಮ?” ಎಂದು ಕೇಳಿದ.

“ಯಾವ ಕೊಡತಿ ಸಾರ್? ಹೊಳೇಲಿ ಹೋಗೋರಿಗೆ ಕೊಡತಿ ಯಾಕೆ?” ಎಂದಳು ಅವಳು. ಅವನು ಪೆಚ್ಚಾಗಿ ಚೀಲ ಮುಚ್ಚಿದ.

ಮಾರನೆಯ ಬೆಳಿಗ್ಗೆ ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಎಂದಿನಂತೆ ಜೋಡಿಸಿದಳು. ಮುಖ ತೊಳೆಯಲು ಹೋಗಲಿಲ್ಲ. ಪಾತ್ರೆ ತೊಳೆದು ತನ್ನಿ ಎಂದು ಅವನನ್ನೇ ಕಳಿಸಿ, ಅವನು ಬರುವಷ್ಟರಲ್ಲಿ ದೋಣಿಯನ್ನು ನೀರಿಗೆ ನೂಕಿ, ಹಗ್ಗ ಹಿಡಿದು ಮೊಣಕಾಲಿನ ನೀರಿನಲ್ಲಿ ನಿಂತಿದ್ದಳು.

“ತಡೀರಿ, ಒಂದ್ಸಲ ಹಿಂದೆ ನೋಡ್ಬಿಡ್ತೀನಿ,” ಎಂದ ಟಕ್ಕಪ್ಪ.

“ಏನಿದೆ ನೋಡೋಕೆ? ಬಾಲ ಇದ್ದಲ್ಲೇ ಇದೆ. ಹತ್ತಿ ಸಾರ್, ಬಿಸಿಲೇರುತ್ತೆ.”

ಅವನು ಅನುಮಾನಿಸಿದ. ಅವಳ ಮುಖ ನೋಡಿದ. ಆ ಮುಖದಲ್ಲಿ ಮಾತಿಗೆ ಜಾಗವಿರಲಿಲ್ಲ. ಹತ್ತಿದ.

ಸ್ವಲ್ಪ ದೂರ ಹೊಳೆ ಸುಮ್ಮನಿತ್ತು. ಆಮೇಲೆ ಎರಡು ಕಡೆಯೂ ದಡ ಒತ್ತಿ ಬಂತು, ನೀರು ನೊರೆಗಟ್ಟಿ ಕಲ್ಲುಗಳ ನಡುವೆ ಇಳಿಯತೊಡಗಿತು. ಮೊದಲ ಅಲೆಗೇ ದೋಣಿಯ ನಡೆ ಬೇರೆಯಾಗಿದೆ ಎಂದು ಅವಳ ಸೊಂಟಕ್ಕೆ ಗೊತ್ತಾಯಿತು. ಅದುವರೆಗೆ ಹಲಗೆಯ ಹಾಗೆ ನೀರನ್ನು ಸೀಳುತ್ತಿದ್ದದ್ದು ಈಗ ಹಾವಿನ ಹಾಗೆ ನುಲಿಯುತ್ತಿತ್ತು. ಹಿಂದೆ ಏನೋ ಸಡಿಲವಾದ ಸದ್ದು. ಪೈಪೊಂದು ಜಾರಿತು, ಪಕ್ಕೆಯ ಪಟ್ಟಿ ಅಡ್ಡಕ್ಕೆ ತಿರುಗಿ ಹೊದಿಕೆಯ ತಳಕ್ಕೆ ಚುಚ್ಚಿತು. ನಡುಹೊಳೆಯ ಬಂಡೆಯೊಂದು ದೋಣಿಯನ್ನು ಮಗ್ಗುಲಿಗೆ ತಬ್ಬಿಕೊಂಡಿತು. ಅಷ್ಟೇ, ಮಡಚಿಕೊಂಡಿತು. ಅತ್ತೆಯ ಬಾಯಿಗೆ ಬೆಂಕಿ ಬೀಳ ಎಂದುಕೊಂಡೇ ಕೀಲಕ್ಕ ನೀರಿಗೆ ಬಿದ್ದಳು.

ಟಕ್ಕಪ್ಪ ಹಗ್ಗ ಬಿಟ್ಟಿರಲಿಲ್ಲ. ಅವಳು ಹಗ್ಗಕ್ಕೆ ಸಿಕ್ಕಳು, ಇಬ್ಬರೂ ದಡಕ್ಕೆ ಸಿಕ್ಕರು. ನೀರು ಕುಡಿದು ಕೆಮ್ಮಿ, ಉಸಿರು ಬಂದ ಮೇಲೆ ಇಬ್ಬರೂ ಸೇರಿ ದೋಣಿಯ ಅವಶೇಷವನ್ನು ಎಳೆದು ಕಲ್ಲಿನ ಮೇಲೆ ಹಾಕಿದರು. ತಳದ ಹೊಲಿಗೆ ಹರಿದಿತ್ತು. ಮೊದಲ ದೋಣಿ ಎಲ್ಲಿ ಹರಿದಿತ್ತೋ ಅದೇ ಜಾಗ, ಅದೇ ಅಂದಾಜು. ಹರಿದ ತುದಿಯಲ್ಲಿ ಹಳದಿ ಗಂಟು ಒದ್ದೆಯಾಗಿ ನೇತಾಡುತ್ತಿತ್ತು.

“ಆಯ್ತಲ್ಲ ಸಾರ್ ನಿಮ್ ಕೆಲಸ. ಹೋಗಿ ನಿಮ್ ಮ್ಯಾನೇಜರ್ ಕಾಲು ಒತ್ತಿ,” ಎಂದಳು ಕೀಲಕ್ಕ.

ಟಕ್ಕಪ್ಪ ಆಗಲೇ ಮಂಡಿಯೂರಿದ್ದ. ಅವನ ಅಂಗೈ ಹೊದಿಕೆಯ ಮೇಲೆ ಮೂತಿಯಿಂದ ಬಾಲದ ಕಡೆಗೆ ಹೋಗುತ್ತಿತ್ತು. ಬಾಲದ ಹತ್ತಿರ ನಿಂತಿತು.

“ಬೆಳಿಗ್ಗೆ ಬಾಲದ ಕೀಲು ಹಾಕಿದ್ರಾ?”

“ಅದು ನಂದಲ್ವಲ್ಲ,” ಎಂದಳು ಅವಳು, ಯಾರಾದರೂ ನಿಮ್ಮ ಮನೆ ಯಾವುದು ಎಂದು ಕೇಳಿದರೆ ಹೇಳುವಷ್ಟು ಸಲೀಸಾಗಿ.

ಹೇಳಿ ಮುಗಿಸಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಬಟ್ಟೆಯಿಂದ ನೀರು ಇಳಿಯುತ್ತಿತ್ತು.

“ಹಾಗಾದ್ರೆ ಇಷ್ಟು ದಿನ?” ಎಂದ ಅವನು.

“ಇಷ್ಟು ದಿನ ಏನು?”

“ದಿನಾ ಬೆಳಿಗ್ಗೆ ನಾನೇ ಬಡಿದು ಕೂರಿಸ್ತಿದ್ದೆ. ನೀವು ನೀರಿಗೆ ಹೋದಾಗ. ನೀವು ನಂಗೆ ಅಂತ ಬಿಡ್ತಿದೀರ ಅಂದ್ಕೊಂಡಿದ್ದೆ.” ಅವನು ಬಾಲದ ಮರಳು ಒರೆಸುತ್ತಾ, “ಮರ್ಯಾದೆಗೆ,” ಎಂದ.

ಕೀಲಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮರ್ಯಾದೆಯಂತೆ. ಅವಳು ಅವನಿಗೆ ಮರ್ಯಾದೆ ಕೊಡುವುದು ನಿಲ್ಲಿಸಿ ವರ್ಷಗಳಾಗಿದ್ದವು, ಅವಳ ಕೈ ಮಾತ್ರ ಕೊಡುತ್ತಲೇ ಇತ್ತು. ಬಾಲದ ಕೀಲನ್ನು ಅವಳು ಬಿಟ್ಟದ್ದಲ್ಲ, ಅದು ಇದೆ ಎಂಬುದೇ ಅವಳ ಕೈಗೆ ಗೊತ್ತಿರಲಿಲ್ಲ. ಹಿಂದಿನ ಕೀಲು ಕೂರುತ್ತಲೇ ಅವಳ ಪಾಲಿಗೆ ದೋಣಿ ಮುಗಿದಂತೆ. ಟಕ್ ಎನ್ನುವ ಸದ್ದು ಬೇರೆ ಯಾರದೋ ಕೆಲಸ, ಬರುತ್ತದೆ, ಬಂದೇ ಬರುತ್ತದೆ. ಪರೀಕ್ಷಕ ಹೋದ ಮೇಲೂ ಅವಳ ವಿಭಾಗದ ಅಷ್ಟೂ ಕೈಗಳು ಅಲ್ಲಿಗೇ ನಿಂತು, ಅಲ್ಲಿಂದಲೇ ಬಿಚ್ಚಿ ಚೀಲಕ್ಕೆ ತುಂಬಿದ್ದವು. ಒಬ್ಬರಿಗೂ ಹೊಳೆದಿರಲಿಲ್ಲ.

“ಗಿರಾಕಿ ಹಾಕ್ಕೋತಾನಲ್ಲ, ಪುಸ್ತಕದಲ್ಲಿ ಬರೆದಿರುತ್ತಲ್ಲ,” ಎಂದಳು, ಸೋಲಲು ಮನಸ್ಸಿಲ್ಲದೆ.

ಟಕ್ಕಪ್ಪ ತಲೆಯಾಡಿಸಿದ. ಹೊಸ ಹೊದಿಕೆ ಮೊದಲ ಸಲ ಪೂರ್ತಿ ಎಳೆಸಿಕೊಳ್ಳುವುದಿಲ್ಲ, ಮೊಂಡು ಹಿಡಿಯುತ್ತದೆ. ಮಂಡಿಯ ಭಾರ ಹಾಕಿ, ಕೊಡತಿಯಲ್ಲಿ ಬಡಿದು, ಆ ಮೊದಲ ಹಿಗ್ಗನ್ನು ಕಾರ್ಖಾನೆಯ ನೆಲದ ಮೇಲೇ ಕೊಡಿಸಬೇಕು; ಆಮೇಲೆ ಕೈಯಲ್ಲೇ ಕೂರುತ್ತದೆ. ಅದು ಕೊಡಿಸದ ದೋಣಿಯಲ್ಲಿ ಗಿರಾಕಿ ಎಷ್ಟು ಒತ್ತಿದರೂ ಕೀಲು ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ಸಣ್ಣ ನೀರಿನಲ್ಲಿ ತೊಂದರೆಯಿಲ್ಲ. ಜೋರು ನೀರಿನಲ್ಲಿ ಎಗರುತ್ತದೆ. ಎಗರಿದರೆ ಪಟ್ಟಿ ತಿರುಗಿ ತಳದ ಹೊಲಿಗೆಗೇ ಚುಚ್ಚುತ್ತದೆ. ಈ ಹೊದಿಕೆಗೆ ಅವನು ಮೊದಲ ದಿನವೇ ಹಿಗ್ಗು ಕೊಡಿಸಿದ್ದ. ಆದರೆ ಇವತ್ತು ಯಾರೂ ಒತ್ತಲೇ ಇಲ್ಲವಲ್ಲ.

“ಇದೆಲ್ಲ ಗೊತ್ತಿದ್ದೂ ಉಗ್ರಾಣದಲ್ಲಿ ಫ್ಯಾನ್ ಕೆಳಗೆ ಕೂತಿದ್ರಾ?” ಎಂದಳು ಅವಳು.

“ನೀವುಗಳೇ ಹಾಕ್ತೀರ ಅಂದ್ಕೊಂಡಿದ್ದೆ.”

“ನಾವು ನೀವು ಅಂದ್ಕೊಂಡ್ವಿ.”

ಅವಳು ಚಳಿಗೆ ನಡುಗುತ್ತಾ, ದೋಣಿಗೆ ಕಟ್ಟಿದ್ದ ರಬ್ಬರು ಚೀಲದಿಂದ ಅವನ ಒಣ ಕಾಲುಚೀಲ ಹುಡುಕಿ ಹಾಕಿಕೊಂಡಳು. ಹಾಕಿಕೊಂಡು, ಕೊಡತಿಯನ್ನು ಹೊಳೆಗೆ ಎಸೆದದ್ದು ತಾನೇ ಎಂದು ಹೇಳಿದಳು. ಅವನು ಹೊಳೆಯ ಕಡೆ ನೋಡಿದ. ಒಳ್ಳೆಯ ಮರ ಅದು ಎಂದಷ್ಟೇ ಹೇಳಿದ.

ಹರಿದ ಜಾಗಕ್ಕೆ ತೇಪೆ ಹಾಕಿ ಹಳದಿ ದಾರದಲ್ಲಿ ಹೊಲಿದಳು. ಅವನು ಒಂದು ದುಂಡುಗಲ್ಲು ಹುಡುಕಿ ಬಾಲದ ಕೀಲು ಬಡಿದ. ದೋಣಿ ಮತ್ತೆ ದೋಣಿಯಾಯಿತು. ಆದರೆ ಅವಳ ಅನುಮಾನದ ಹುಳ ಸಾಯಲಿಲ್ಲ, ಇನ್ನೂ ದಪ್ಪವಾಯಿತು. ಒಪ್ಪಂದದ ಪ್ರಕಾರ ಹೊಲಿಗೆ ಹರಿದಿದೆ. ನೋಡಿದವರು ಇಬ್ಬರೇ. ಹರಿಯಿತು ಎಂದು ಒಂದು ಮಾತು ಹೇಳಿ ಅವನು ಸುಮ್ಮನಾದರೆ ತಂಗಿಯ ಬಾಳು ಮುಗಿಯಿತು, ಹೊಲಿಗೆಯವರ ಸಂಬಳ ಮುಗಿಯಿತು. ಪೂರ್ತಿ ಹೇಳಿದರೆ ಅವನಿಗೇನು ಸಿಗುತ್ತದೆ? ನಿವೃತ್ತಿ ಹತ್ತಿರದಲ್ಲಿದೆ, ಮಗಳ ಮನೆಯ ಸಾಲ ಇದೆ ಎಂದು ಅವನೇ ಒಂದು ಸಂಜೆ ಹೇಳಿಕೊಂಡಿದ್ದ. ಮುಷ್ಕರದ ದಿನ ತಲೆ ತಗ್ಗಿಸಿ ಒಳಗೆ ಹೋದ ಅದೇ ತಲೆ ಇದು. ಇನ್ನೊಂದು ಯೋಚನೆಯೂ ಸುಳಿಯಿತು, ಅದು ಅವನ ಮೇಲಿನದಲ್ಲ. ಪೂರ್ತಿ ಹೇಳಿದರೆ ಮೊದಲ ದೋಣಿಯನ್ನು ಜೋಡಿಸಿದ ಕೈ ಯಾರದು ಎಂಬ ಪ್ರಶ್ನೆ ಬರುತ್ತದೆ. ಅದು ಅವಳದೇ ಕೈ. ಆ ಸಾಲಿನ ದೋಣಿಗಳನ್ನೆಲ್ಲ ಜೋಡಿಸಿದ್ದು ಅವಳೇ. ಗಿರಾಕಿಯ ಭುಜದ ಮೂಳೆ ಅವಳ ನಿದ್ದೆಯಲ್ಲಿ ಲಟಕ್ಕೆಂದಿತು. ಅವನ ಮೇಲೆ ಕಣ್ಣಿಟ್ಟವಳು ಈಗ ತನ್ನ ಮೇಲೂ ಒಂದು ಕಣ್ಣಿಡಬೇಕಾಯಿತು.

ಸೇತುವೆ ಕಂಡಾಗ ಬಿಸಿಲು ಇಳಿದಿತ್ತು. ಮ್ಯಾನೇಜರು ಕಪ್ಪು ಕನ್ನಡಕ ಹಾಕಿಕೊಂಡು ಜೀಪಿಗೆ ಒರಗಿ ನಿಂತಿದ್ದ. ಪಕ್ಕದಲ್ಲಿ ಸಂಘದ ಕಾರ್ಯದರ್ಶಿ, ತಂಗಿ. ದೋಣಿಯನ್ನು ಮಗುಚಿ ಹಾಕುತ್ತಲೇ ಎಲ್ಲರ ಕಣ್ಣಿಗೂ ತೇಪೆ ಬಿತ್ತು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಕೈ ನೋಡು ಎಂದು ತಂಗಿ ಹೇಳಿದ್ದಳು; ಕೀಲಕ್ಕ ಈಗ ಬಾಯಿಯನ್ನೇ ನೋಡುತ್ತಿದ್ದಳು.

“ಹೊಲಿಗೆ ಹರೀತೋ ಇಲ್ವೋ, ಅಷ್ಟು ಹೇಳಿ ಸಾಕು,” ಎಂದ ಮ್ಯಾನೇಜರು.

“ಹರೀತು,” ಎಂದ ಟಕ್ಕಪ್ಪ.

ಮ್ಯಾನೇಜರು ಜೀಪಿನ ಬಾಗಿಲಿಗೆ ಕೈ ಹಾಕಿದ. ಟಕ್ಕಪ್ಪನ ತಲೆ ತಗ್ಗಿತು. ಇಷ್ಟೇ ಇವನು, ಇಷ್ಟೇ ಎಂದುಕೊಂಡಳು ಕೀಲಕ್ಕ. ಆದರೆ ಅವನು ತಲೆ ತಗ್ಗಿಸಿದ್ದು ಮಂಡಿಯೂರಲಿಕ್ಕೆ. ಜೇಬಿನಿಂದ ಆ ದುಂಡುಗಲ್ಲು ತೆಗೆದು, ಬಾಲದ ಕೀಲನ್ನು ಕೆಳಗಿನಿಂದ ಹೊಡೆದು ಬಿಡಿಸಿದ. ಇಡೀ ದೋಣಿ ಉಸಿರು ಬಿಟ್ಟ ಹಾಗೆ ಸಡಿಲವಾಯಿತು.

“ಹೀಗಿದ್ದಾಗ ಹರೀತು. ಇದು ಕೂತಿದ್ದಾಗ ಹರಿದಿರಲಿಲ್ಲ. ಇದನ್ನ ಕೂರಿಸೋ ಕೆಲಸ ನಂದು. ನೀವು ತೆಗೆದ್ರಿ, ನಾನು ಸುಮ್ನಿದ್ದೆ,” ಎಂದ.

ಕೀಲಕ್ಕನಿಗೆ ತಾನು ಮುಂದೆ ಬಂದದ್ದೇ ಗೊತ್ತಾಗಲಿಲ್ಲ. “ಬಿಟ್ಟಿದ್ದು ನಾನು. ಇದ್ರಲ್ಲೂ ನಾನೇ, ಆ ಗಿರಾಕಿ ದೋಣೀಲೂ ನಾನೇ. ನನ್ ತಂಗಿ ಹೊಲಿಗೆ ಮುಟ್ಬೇಡಿ,” ಎಂದಳು.

ಮ್ಯಾನೇಜರು ಇಬ್ಬರನ್ನೂ ನೋಡಿ ನಕ್ಕ. ಆ ನಗುವಿನ ಅರ್ಥ ಮುಂದಿನ ವಾರ ತಿಳಿಯಿತು. ತಪ್ಪು ಜೋಡಿಸುವವಳದ್ದು ಎಂದು ಅವಳೇ ಒಪ್ಪಿದ್ದಾಳೆ ಎಂದು ಕೀಲಕ್ಕನನ್ನು ಕೆಲಸದಿಂದ ತೆಗೆದರು. ಉಗ್ರಾಣದ ಹುದ್ದೆಯೂ ಬೇಡವೆಂದು ಟಕ್ಕಪ್ಪನನ್ನು ಮನೆಗೆ ಕಳಿಸಿದರು. ಹೊಲಿಗೆ ಹರಿದದ್ದು ಹರಿದದ್ದೇ ಎಂದು ತಂಗಿಯನ್ನೂ ಒಳಗೆ ಸೇರಿಸಲಿಲ್ಲ, ಸಂಬಳವನ್ನೂ ಬಿಡಲಿಲ್ಲ. ಒಂದು ಕೀಲಿನ ಹೆಸರಿನಲ್ಲಿ ಮೂರು ತಲೆ. ಜೋಡಿಸುವ ವಿಭಾಗದವರು ಕೆಲವು ದಿನ ಕೀಲಕ್ಕನ ಮುಖ ನೋಡಲಿಲ್ಲ. ತಂಗಿಯನ್ನು ಉಳಿಸಲು ನಮ್ಮ ತಲೆ ಮೇಲೆ ಗೂಬೆ ಕೂರಿಸಿದಳು ಎಂದರು. ಅವಳು ಜಗಳಕ್ಕೆ ಹೋಗಲಿಲ್ಲ. ಗೇಟಿನ ಮುಂದಿನ ಕಲ್ಲುಹಾಸಿನ ಮೇಲೆ ತೇಪೆಯ ದೋಣಿಯನ್ನು ಜೋಡಿಸಿ, ನೀವೇ ಜೋಡಿಸಿ ನೋಡಿ ಎಂದು ಒಬ್ಬೊಬ್ಬರನ್ನೂ ಕರೆದಳು. ಪ್ರತಿಯೊಬ್ಬರ ಕೈಯೂ ಬಾಲದ ಹತ್ತಿರ ಬಂದು ನಿಂತಿತು. ನಿಂತ ಕೈಯನ್ನು ಅವರೇ ನೋಡಿಕೊಂಡರು. ಒಬ್ಬಳು ಅಲ್ಲೇ ಕೂತಳು, ಎದ್ದು ಹೋಗಲಿಲ್ಲ. ಹಾಗೆ ಶುರುವಾಯಿತು ಗೇಟಿನ ಧರಣಿ.

ಈಗಲೂ ಅವರು ಅಲ್ಲಿದ್ದಾರೆ. ಟಕ್ಕಪ್ಪ ಹೊಸ ಕೊಡತಿ ಕೆತ್ತಿಕೊಂಡಿದ್ದಾನೆ. ಕೀಲಕ್ಕ ಅವನನ್ನು ಪೂರ್ತಿ ನಂಬಿದ್ದಾಳೆಂದು ಹೇಳುವಂತಿಲ್ಲ. ಚಹಾ ಮಾತ್ರ ಈಗ ಅವನಿಗಿಂತ ಮೊದಲು ಕುಡಿ‌ಯುತ್ತಾಳೆ. ರಾತ್ರಿ ಮನೆಗೆ ಹೋದರೆ ಬಾಗಿಲು ಮುಂದೆ ಮಾಡುತ್ತಾಳೆ, ಚಿಲಕ ಮರೆಯುತ್ತಾಳೆ. ಅತ್ತೆ ಗೊಣಗಿಕೊಂಡು ಎದ್ದು ಬರುತ್ತಾಳೆ.

ಈಗ ನಿಮ್ಮ ಮಾತಿಗೆ ಬರೋಣ. ಪರೀಕ್ಷಕನನ್ನು ತೆಗೆದ ಮೇಲೂ ಆ ಕಾರ್ಖಾನೆಯ ದೋಣಿಗಳು ಮಾರಾಟವಾಗಿವೆ. ನಿಮ್ಮಲ್ಲಿ ಕೆಲವರ ಅಟ್ಟದ ಮೇಲೆ, ಮಂಚದ ಕೆಳಗೆ, ಕಾರಿನ ಹಿಂದೆ ಆ ಎರಡು ಚೀಲಗಳಿವೆ. ಹೊರಗೆ ತೆಗೆಯಿರಿ. ನೆಲದ ಮೇಲೆ ಜೋಡಿಸಿ. ಬಾಲದ ಕೀಲನ್ನು ಒತ್ತಿ, ಕಿವಿಗೊಡಿ. ಟಕ್ ಎನ್ನದಿದ್ದರೆ ಆ ದೋಣಿಯನ್ನು ನೀರಿಗಿಳಿಸಬೇಡಿ, ಗೇಟಿಗೆ ತನ್ನಿ. ಟಕ್ಕಪ್ಪ ಬಡಿದು ಕೊಡುತ್ತಾನೆ, ಕಾಸು ಕೇಳುವುದಿಲ್ಲ. ಆದರೆ ಬಡಿಸಿಕೊಂಡು ಹಾಗೇ ಹೋಗಬೇಡಿ. ಒಳಗೆ ಹೋಗಿ, ಮ್ಯಾನೇಜರನ ಮೇಜಿನ ಮುಂದೆ ನಿಂತು, ಹೊಲಿದವರ ಸಂಬಳ ಯಾಕೆ ಹಿಡಿದಿದ್ದೀಯ ಎಂದು ಕೇಳಿ. ಅವರ ಹೊಲಿಗೆಯ ಮೇಲೆ ಕೂತು ಹೊಳೆ ದಾಟಿದವರು ನೀವು. ಯಾವತ್ತು ಬರುತ್ತೀರಿ, ಹೇಳಿ.